ಒದ್ದೆ ತೊಗಲಿನ ಬಲೆ

ಸ್ಟರ್ಲಿಂಗ್, ವರ್ಜೀನಿಯಾ
2020 ಜುಲೈ 6

ಕಾತ್ಯಾಯಿನಿ,

ಊಟ ಮಾಡಿ ಆಮೇಲೆ ಓದು. ನನ್ನ ಕಾಗದವನ್ನು ಹಸಿದ ಹೊಟ್ಟೆಯಲ್ಲಿ ಓದಿದರೆ ಸಿಟ್ಟು ಬರುತ್ತದೆ ಎಂದು ನಿನ್ನ ಅಮ್ಮ ಹೇಳುತ್ತಿದ್ದಳು.

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಸಂದೇಶ ಬಿಡಿ ಎಂದು ನಿನ್ನದೇ ದನಿ ಹೇಳಿತು. ನನಗೆ ಯಂತ್ರದೊಡನೆ ಮಾತಾಡಲು ಬರುವುದಿಲ್ಲ. ಅದಕ್ಕೆ ಕಾಗದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಇದು, ನಿಧಾನ ಓದಿಕೋ.

ಸುದ್ದಿ ಹೇಳಿದವನು ಮುರಳೀಧರ. ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾನಲ್ಲ, ಬೆಂಗಳೂರಿನವನು, ಡೇಟಾ ಸೆಂಟರಿನಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಏನೋ ಓದುತ್ತಿದ್ದವನು, ಕೆರೊಲಿನಾದ ಮಾರ್ಲೋ ಕ್ರೀಕ್ ಎಂಬ ಕಾಲೇಜಿನವರು ಕೊರೋನಾ ಹೆಸರಿನಲ್ಲಿ ಮೂರು ಆಟಗಳ ತಂಡ ಮುಚ್ಚಿದ್ದಾರೆ ಎಂದ. ಹೆಣ್ಣುಮಕ್ಕಳ ಲ್ಯಾಕ್ರಾಸ್ ಅದರಲ್ಲಿ ಒಂದು. ಹತ್ತು ನಿಮಿಷದ ವಿಡಿಯೋ ಕರೆಯಲ್ಲಿ ಮುಗಿಸಿದರಂತೆ. ಕೊನೆಯಲ್ಲಿ ಒಂದು ಸಾಲು: ಹತ್ತೊಂಬತ್ತು ವರ್ಷ ಮುಖ್ಯ ಕೋಚ್ ಆಗಿದ್ದ ಕೇಟಿ ಸಾಲ್ಯಾನ್ ಅವರಿಗೆ ಕಾಲೇಜು ಆಭಾರಿಯಾಗಿದೆ.

ಆ ಕೇಟಿ ನನ್ನ ತಂಗಿಯ ಮಗಳು ಕಾತ್ಯಾಯಿನಿ ಎಂದೆ. ಅವನು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದ.

"ಎರಡು ವರ್ಷ ಆಯ್ತು ಅಂಕಲ್, ನಾನು ಇಲ್ಲಿಗೆ ಬಂದು. ಒಂದು ಸಲಾನೂ ಹೇಳಿಲ್ವಲ್ಲ ನೀವು."

ಏನು ಹೇಳಲಿ? ಪ್ರತಿ ಜನವರಿಯಲ್ಲಿ ನೀನು ಆ ವರ್ಷದ ಆಟಗಳ ಪಟ್ಟಿಯ ಕಾರ್ಡು ಕಳಿಸುತ್ತಿದ್ದೆ. ಹತ್ತೊಂಬತ್ತು ಕಾರ್ಡು. ಒಂದಕ್ಕೂ ನಾನು ಬರಲಿಲ್ಲ. ಏರ್‌ಪೋರ್ಟಿನ ಕಾರ್ಗೋ ಕೆಲಸ ಎಂದೆ, ಹಿಮ ಎಂದೆ, ನಿವೃತ್ತನಾದ ಮೇಲೆ ಮೊಣಕಾಲು ಎಂದೆ. ಮೊಣಕಾಲು ನಿಜವಾಗಿ ನೋಯುವುದು ಈಚೆಗೆ.

ಈಗ ಬಾಗಿಲು ಮುಚ್ಚಿದ ಮೇಲೆ ಕೇಳುತ್ತೇನೆ, ಬಯ್ಯಬೇಡ. ನೀನು ಮೈದಾನದ ಬದಿಯಲ್ಲಿ ನಿಂತು ಮಕ್ಕಳನ್ನು ಆಡಿಸುವುದನ್ನು ಒಂದೇ ಒಂದು ಸಲ ನೋಡಬೇಕು. ಎಪ್ಪತ್ತನಾಲ್ಕು ಆಯಿತು. ಬೇರೆ ಆಸೆ ಯಾವುದೂ ಇಷ್ಟು ಪೀಡಿಸುವುದಿಲ್ಲ.

ನಿನ್ನ ಮಾವ,
ರತ್ನಾಕರ


ಫೋರ್ಟ್ ಮಿಲ್, ಸೌತ್ ಕೆರೊಲಿನಾ
2020 ಆಗಸ್ಟ್ 19

ಮಾವ,

ನೀವು ಅಡಿಗೆಮನೆ ಮೇಜಿನ ಮೇಲೆ ಕಲಿಸಿದ ಕನ್ನಡ ಇದು. ತಪ್ಪಿದ್ದರೆ ಕೆಂಪು ಪೆನ್ನು ತೆಗೀಬೇಡಿ.

ನಾನು ಚೆನ್ನಾಗಿದ್ದೇನೆ. ಒಂದು ಟೈಲ್ಸ್ ಕಂಪನಿಯಲ್ಲಿ ಆರ್ಡರ್ ನೋಡುವ ಕೆಲಸ ಸಿಕ್ಕಿತು. ಮನೆಯಿಂದಲೇ. ಬಚ್ಚಲಿನ ಟೈಲ್ಸ್ ಯಾವ ಬಣ್ಣ ಇದೆ ಅಂತ ದಿನಕ್ಕೆ ನಲವತ್ತು ಜನಕ್ಕೆ ಹೇಳ್ತೇನೆ. ಯಾರೂ ಓಡೋದಿಲ್ಲ, ಯಾರಿಗೂ ಕಾಲು ಉಳುಕೋದಿಲ್ಲ.

ನೋಡೋಕೆ ಏನೂ ಉಳಿದಿಲ್ಲ ಮಾವ. ಮೈದಾನಕ್ಕೆ ಬೀಗ ಹಾಕಿದ್ದಾರೆ. ಇಪ್ಪತ್ತಾರು ಹುಡುಗಿಯರು ಬೇರೆ ಕಾಲೇಜು ಹುಡುಕ್ತಿದ್ದಾರೆ. ಅವರಿಗೆ ಶಿಫಾರಸು ಪತ್ರ ಬರೆದು ಮುಗಿಸಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ನೀವು ಬರಲಿಲ್ಲ ಅಂತ ಸಿಟ್ಟಿಲ್ಲ. ಮೊದಮೊದಲು ಹಿಮ, ಕೆಲಸ ಎಲ್ಲ ನಂಬಿದೆ. ಆಮೇಲೆ ಅರ್ಥ ಆಯ್ತು ಅಂದ್ಕೊಂಡೆ. ನಮ್ಮವರ ಮಕ್ಕಳೆಲ್ಲ ಡಾಕ್ಟರು, ಇಂಜಿನಿಯರು. ಸೀಟಿ ಊದೋದು ಒಂದು ಕೆಲಸವಾ ಅಂತ ಯಾರಾದರೂ ಕೇಳಿದರೆ ನಿಮಗೆ ಕಷ್ಟ. ಅದಕ್ಕೆ ಬರಲಿಲ್ಲ ಅಂತ ನಾನೇ ಉತ್ತರ ಬರ್ಕೊಂಡೆ. ಅಮ್ಮ ಇದ್ದಾಗ ವರ್ಷಕ್ಕೆ ಒಂದು ಆಟಕ್ಕೆ ಬರ್ತಿದ್ದರು. ನೀವೂ ಬಂದಿರಾ ಅಂತ ಅವರ ಹಿಂದೆ ನೋಡ್ತಿದ್ದೆ. ಅಷ್ಟೇ.

ಮಾತ್ರೆ ತಪ್ಪಿಸಬೇಡಿ.

ಕಾತ್ಯಾಯಿನಿ


ಸ್ಟರ್ಲಿಂಗ್
2020 ನವೆಂಬರ್ 2

ಕಾತ್ಯಾಯಿನಿ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ತಿಂಗಳು ತಿರುಗಿದೆ. ಅಯ್ಯೋ, ನಾಚಿಕೆ ಇದ್ದದ್ದು ನಿಜ. ನೀನು ತಿಳಿದ ಜಾಗದಲ್ಲಿ ಇರಲಿಲ್ಲ.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ನೀನು ಉದ್ದದ ಕೋಲು ಹಿಡಿದು ಮನೆಗೆ ಬಂದೆ. ತುದಿಯಲ್ಲಿ ಚಮಚದ ಹಾಗೆ ಒಂದು ಚೌಕಟ್ಟು, ಅದರೊಳಗೆ ಬಲೆ. ಚೆಂಡನ್ನು ಆ ಬಲೆಯಲ್ಲಿ ಹಿಡಿದು, ಓಡಿ, ಗೋಲಿಗೆ ಎಸೆಯುವುದು ಲ್ಯಾಕ್ರಾಸ್ ಆಟ ಎಂದೆ. ಬಲೆ ಹರಿದಿತ್ತು. ಏಳು ವರ್ಷ ಕಾರ್ಗೋ ವಿಭಾಗದಲ್ಲಿ ಪೆಟ್ಟಿಗೆಗಳ ಮೇಲೆ ಬಲೆ ಬಿಗಿದು ಬಿಗಿದು ಬೇಸತ್ತಿದ್ದ ನನಗೆ ಅದನ್ನು ನೋಡಿ ಎಷ್ಟು ಸಂತೋಷವಾಯಿತು ಎಂದರೆ, ಆವತ್ತು ಚಹಾ ಕುಡಿಯಲು ಮರೆತೆ. ಮಲ್ಪೆಯ ಕಡಲದಂಡೆಯಲ್ಲಿ ಅಪ್ಪನ ಪಕ್ಕ ಕೂತು ರಂಪಣಿ ಬಲೆ ಕಟ್ಟಿದ ಕೈ ಇದು. ತೊಗಲಿನ ನಾಲ್ಕು ಪಟ್ಟಿ, ನಡುವೆ ನೈಲಾನ್ ದಾರ. ಅರ್ಧ ಗಂಟೆಯಲ್ಲಿ ಕಟ್ಟಿಕೊಟ್ಟೆ. ಆಮೇಲೆ ನಿನ್ನ ಗೆಳತಿಯರೆಲ್ಲ ತಂದರು. ಎಂಟು ವರ್ಷ ನಿನ್ನ ಎಲ್ಲ ಕೋಲುಗಳನ್ನೂ ನಾನೇ ಕಟ್ಟಿದೆ.

ಇನ್ನು 1998ರ ಕಾಲೇಜು ಫೈನಲ್. ಚೆಂಡು ಜಾರಿ ಹೋಗುತ್ತದೆ, ಸ್ವಲ್ಪ ಸರಿ ಮಾಡಿ ಮಾವ ಎಂದು ಹಿಂದಿನ ದಿನ ಕೋಲು ಕೊಟ್ಟೆ. ನಾನು ಗಂಟುಗಳನ್ನು ಬಿಚ್ಚಿ ಕಟ್ಟಿ, ಬಕೆಟಿನ ನೀರಿನಲ್ಲಿ ನೆನೆ ಹಾಕಿದೆ. ನಮ್ಮಲ್ಲಿ ಹೊಸ ಬಲೆಯನ್ನು ನೆನೆಸದೆ ಯಾರೂ ಕಡಲಿಗೆ ಇಳಿಸುವುದಿಲ್ಲ. ಹತ್ತಿಯ ನೂಲು ನೀರು ಕುಡಿದರೆ ಬಿಗಿಯುತ್ತದೆ, ಗಂಟು ಕಲ್ಲಾಗುತ್ತದೆ. ಆದರೆ ತೊಗಲು ನೀರು ಕುಡಿದರೆ ಹಿಗ್ಗುತ್ತದೆ. ಅದು ನನಗೆ ಹೊಳೆಯಲಿಲ್ಲ. ಇಷ್ಟು ವರ್ಷ ಯಾವತ್ತೂ ನೆನೆಸದವನು, ಫೈನಲ್ ಅಲ್ಲವೇ ಎಂದು ಆವತ್ತು ವಿಶೇಷ ಮರ್ಯಾದೆ ಮಾಡಿದೆ.

ಮರುದಿನ ತುಂತುರು ಮಳೆ ಬೇರೆ. ಕೊನೆಯ ನಿಮಿಷದಲ್ಲಿ ನೀನು ಗೋಲು ಹೊಡೆದೆ, ಸರಿಸಮ ಆಯಿತು, ನಾನು ಎದ್ದು ನಿಂತು ಕಿರುಚಿದೆ. ಎದುರು ತಂಡದ ಕೋಚ್ ನಿನ್ನ ಕೋಲು ಪರೀಕ್ಷೆ ಮಾಡಬೇಕು ಎಂದ. ಅಂಪೈರ್ ಬಲೆಯಲ್ಲಿ ಚೆಂಡಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಚೆಂಡಿನ ನೆತ್ತಿ ಚೌಕಟ್ಟಿನ ಮೇಲೆ ಕಾಣಬೇಕು, ಕಾಣಲಿಲ್ಲ. ಬಲೆ ಜೋತುಬಿದ್ದಿತ್ತು. ಗೋಲು ಹೋಯಿತು, ಪಂದ್ಯ ಹೋಯಿತು.

ಕಾರಿನಲ್ಲಿ ನೀನು ನನ್ನ ಮುಖ ನೋಡಲಿಲ್ಲ. ಹಸಿವಾಗುತ್ತದೆ ಎಂದು ಒಂದು ಮಾತು, ಅಷ್ಟೇ. ಆಮೇಲೆ ನೀನು ಒಂದು ಕೋಲನ್ನೂ ನನಗೆ ಕಟ್ಟಲು ಕೊಡಲಿಲ್ಲ.

ನಾನು ಬಂದು ಕೂತರೆ ನಿನ್ನ ತಂಡಕ್ಕೆ ಅದೇ ಗತಿ ಎಂದು ಒಳಗೊಳಗೆ ಹೆದರಿಕೆ. ಮೂಢನಂಬಿಕೆ ಎನ್ನು, ಹೇಡಿತನ ಎನ್ನು. ಎರಡೂ ಸರಿ.

ರತ್ನಾಕರ ಮಾವ


ಸ್ಟರ್ಲಿಂಗ್
2021 ಫೆಬ್ರವರಿ 8

ಕಾತ್ಯಾಯಿನಿ,

ನಿನ್ನ ಉತ್ತರ ಬಂದಿಲ್ಲ. ಒತ್ತಾಯವಿಲ್ಲ.

ಜನವರಿ ಇಡೀ ಅಂಚೆಪೆಟ್ಟಿಗೆ ತೆರೆಯುವಾಗ ಕೈ ಒಮ್ಮೆ ನಿಲ್ಲುತ್ತಿತ್ತು. ಈ ವರ್ಷ ಪಟ್ಟಿ ಬರುವುದಿಲ್ಲ ಎಂದು ಗೊತ್ತಿದ್ದೂ. ಬರುತ್ತಿದ್ದಾಗ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪ್ರತಿ ಶನಿವಾರ ಆಟದ ಹೊತ್ತಿಗೆ ಅಲ್ಲಿ ನಿಂತು, ಈಗ ಶುರುವಾಗಿರಬೇಕು, ಈಗ ಮುಗಿದಿರಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಮಟ್ಟಿಗೆ ಅದೇ ಬಂದ ಹಾಗೆ ಎಂದು ತಿಳಿದಿದ್ದೆ. ನಿನಗದು ಹೇಗೆ ಗೊತ್ತಾಗಬೇಕು?

ಮೊದಲ ಲಸಿಕೆ ಆಯಿತು. ತೋಳು ನೋವು.

ಮಾವ


ಸ್ಟರ್ಲಿಂಗ್
2021 ಆಗಸ್ಟ್ 23

ಕಾತ್ಯಾಯಿನಿ,

ನಿನ್ನೆ ಮಧ್ಯಾಹ್ನ ಬಾಗಿಲು ತಟ್ಟಿದವಳು ಅಪೂರ್ವಾ. ನಿನ್ನ ತಂಡದಲ್ಲಿ ನಾಲ್ಕು ವರ್ಷ ಆಡಿದವಳು, ಜಾರ್ಜಿಯಾದ ಸುವಾನಿಯವಳು, ಅಪ್ಪ ಅಮ್ಮ ಮೈಸೂರಿನ ಕಡೆ. ಕಂಪನಿಯವರು ಒಂದು ವಾರಕ್ಕೆ ಇಲ್ಲಿನ ಡೇಟಾ ಸೆಂಟರಿಗೆ ಕಳಿಸಿದ್ದಾರಂತೆ. ನನ್ನ ವಿಳಾಸ ಹೇಗೆ ಸಿಕ್ಕಿತು ಎಂದರೆ ನಗುತ್ತಾಳೆ. ಜನವರಿಯಲ್ಲಿ ನನ್ನ ಕಾರ್ಡನ್ನು ಅಂಚೆಗೆ ಹಾಕುವ ಕೆಲಸ ನಾಲ್ಕು ವರ್ಷ ಅವಳದೇ ಆಗಿತ್ತಂತೆ. ಉಳಿದವರಿಗೆಲ್ಲ ಇಮೇಲ್, ಅಂಚೆ ಚೀಟಿ ಹಚ್ಚುತ್ತಿದ್ದುದು ಒಂದೇ ಒಂದಕ್ಕೆ.

ಬಂಗುಡೆ ಸಾರು ಮಾಡಿದ್ದೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತಿನ್ನಲ್ಲ ಅಂಕಲ್ ಎನ್ನುತ್ತ ಎರಡು ಸಲ ಬಡಿಸಿಕೊಂಡಳು. ತಿನ್ನುವಾಗಲೂ ಮಾತು, ಮುಳ್ಳು ತೆಗೆಯುವಾಗಲೂ ಮಾತು. ಎಲ್ಲ ನಿನ್ನದೇ. ನಿನ್ನ ಮೊದಲ ವರ್ಷ ಹನ್ನೆರಡು ಜನರ ಆಟಕ್ಕೆ ಹನ್ನೊಂದೇ ಹುಡುಗಿಯರಿದ್ದು, ಒಬ್ಬಳು ಕಡಿಮೆಯಿಟ್ಟುಕೊಂಡೇ ಆಡಿಸಿದ ಕಥೆ. ಬಸ್ಸು ಕೆಟ್ಟಾಗ ಪೆಟ್ರೋಲ್ ಬಂಕಿನ ಹಿಂದೆ ಅಭ್ಯಾಸ ಮಾಡಿಸಿದ ಕಥೆ. ಗೆದ್ದ ಆಟಗಳ ಲೆಕ್ಕ ಅವಳಿಗೆ ನೆನಪಿಲ್ಲ, ನನಗೂ ಕೇಳಬೇಕೆನಿಸಲಿಲ್ಲ.

ಆಮೇಲೆ ಇನ್ನೊಂದು ಹೇಳಿದಳು. ಪ್ರತಿ ಆಟಕ್ಕೆ ಮುಂಚೆ ಹುಡುಗಿಯರು ಸಾಲಾಗಿ ನಿಲ್ಲುತ್ತಾರಂತೆ. ನೀನು ಒಂದೊಂದೇ ಕೋಲು ತೆಗೆದುಕೊಂಡು, ಚೆಂಡಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತೀಯಂತೆ. ಹತ್ತೊಂಬತ್ತು ವರ್ಷದಲ್ಲಿ ನಿನ್ನ ಹುಡುಗಿಯರ ಒಂದು ಕೋಲೂ ಅಂಪೈರ್ ಕೈಯಲ್ಲಿ ತಪ್ಪಾಗಿಲ್ಲ. ನಿನಗೇ ತಪ್ಪು ಕಂಡರೆ ಬೇರೆ ಕೋಲು ಕೊಟ್ಟು ಕಳಿಸುತ್ತೀಯಂತೆ.

"ಯಾರು ಸ್ಟ್ರಿಂಗ್ ಮಾಡಿದ್ದು, ಬಲೆ ಕಟ್ಟಿದ್ದು ಅಂತ ಮಾತ್ರ ಕೋಚ್ ಯಾವತ್ತೂ ಕೇಳಲ್ಲ ಅಂಕಲ್. ನಾವೂ ಕೇಳಂಗಿಲ್ಲ. ಕೇಳಿದ್ರೆ ಮೈದಾನಕ್ಕೆ ಎರಡು ಸುತ್ತು ಓಡಿಸ್ತಿದ್ರು."

ಏನು ರೂಲೋ ಅದು ಎಂದು ಅವಳಿಗೆ ಈಗಲೂ ಅರ್ಥವಾಗಿಲ್ಲವಂತೆ. ನಾನು ಒಗ್ಗರಣೆ ಸೀಯುತ್ತದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಿನ್ನ ಹುಡುಗಿಯರಲ್ಲಿ ಹನ್ನೊಂದು ಮಂದಿ ಈಗ ಕೋಚ್ ಆಗಿದ್ದಾರಂತೆ. ರಾಲಿಯಲ್ಲಿ ಒಬ್ಬಳು, ಮೇರಿಲ್ಯಾಂಡಿನಲ್ಲಿ ಇಬ್ಬರು. ಎಲ್ಲ ಕಡೆಯೂ ಸಾಲು ನಿಲ್ಲಿಸುತ್ತಾರೆ, ಎಲ್ಲ ಕಡೆಯೂ ಯಾರು ಕಟ್ಟಿದ್ದು ಎಂದು ಕೇಳುವಂತಿಲ್ಲ. ನಿನ್ನ ಹೆಸರು ಗೊತ್ತಿಲ್ಲದ ಮಕ್ಕಳು ಕೂಡ ಎರಡು ಸುತ್ತು ಓಡುತ್ತಿದ್ದಾರೆ ಮಾರಾಯ್ತಿ.

ಅಪೂರ್ವಾ ಸುವಾನಿಯಲ್ಲಿ ಸಣ್ಣ ಹುಡುಗಿಯರ ಒಂದು ತಂಡ ಮಾಡಿದ್ದಾಳೆ. ಶನಿವಾರ ಬಂದು ಹೇಳಿಕೊಡಿ ಎಂದು ಮೂರು ಸಲ ಕರೆದರೂ ನೀನು ಒಲ್ಲೆ ಎಂದೆಯಂತೆ. ನಾನು ಹೇಳಿದರೆ ಕೇಳುತ್ತೀಯೇನೋ ಎಂದು ಅವಳ ಆಸೆ. ಹತ್ತೊಂಬತ್ತು ಸಲ ಕರೆದರೂ ಹೋಗದವನು ನಾನು, ಯಾವ ಬಾಯಲ್ಲಿ ಹೇಳಲಿ ಎಂದೆ.

ಮಾವ


ಫೋರ್ಟ್ ಮಿಲ್
2021 ಅಕ್ಟೋಬರ್ 14

ಮಾವ,

ಅಪೂರ್ವಾ ತುಂಬಾ ಮಾತಾಡ್ತಾಳೆ. ಆಟದಲ್ಲೂ ಹಾಗೇ, ಚೆಂಡಿಗಿಂತ ಮುಂಚೆ ಅವಳ ಬಾಯಿ ತಲುಪ್ತಿತ್ತು.

ನಿಮ್ಮ ನವೆಂಬರ್ ಕಾಗದಕ್ಕೆ ಹನ್ನೊಂದು ತಿಂಗಳು ಉತ್ತರ ಬರೀಲಿಲ್ಲ. ಬರೆಯೋಕೆ ಕೂತರೆ ಅಳು ಬರ್ತಿತ್ತು, ಆಮೇಲೆ ನಗು ಬರ್ತಿತ್ತು.

ನಿಮಗೆ ರೂಲ್ಸ್ ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೋಲು ಯಾಕೆ ಹೋಯ್ತು ಅಂತ ನಿಮಗೆ ತಿಳಿದಿಲ್ಲ, ತಿಳಿಯೋದು ಬೇಡ ಅಂತ ಕಾರಲ್ಲಿ ನಿಮ್ಮ ಕಡೆ ನೋಡಲಿಲ್ಲ. ನೋಡಿದರೆ ನನ್ನ ಮುಖದಲ್ಲೇ ಓದಿಬಿಡ್ತೀರಿ. ಯಾರು ಕಟ್ಟಿದ್ದು ಅಂತ ನಮ್ಮ ಕೋಚ್ ಎಲ್ಲರೆದುರು ಕೇಳಿದಾಗ, ನಾನೇ ಅಂತ ಹೇಳಿದ್ದೆ. ಆಮೇಲೆ ಕೋಲು ಕೊಡಲಿಲ್ಲ ಅಂತ ಬರೆದಿದ್ದೀರಿ. ಅದು ನನ್ನ ಕೊನೆ ಆಟ ಆಗಿತ್ತು ಮಾವ. ಕಾಲೇಜು ಮುಗೀತು. ಕೊಡೋಕೆ ಕೋಲೇ ಇರಲಿಲ್ಲ.

ಇಪ್ಪತ್ತಮೂರು ವರ್ಷ. ಒಂದು ಫೋನಿನಲ್ಲಿ ಮುಗೀತಿತ್ತು.

ಸುವಾನಿ ವಿಷಯ ಕೇಳಬೇಡಿ. ಹತ್ತೊಂಬತ್ತು ವರ್ಷ ಕಟ್ಟಿದ್ದನ್ನ ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕಿದರು. ಇನ್ನೊಂದು ಸಲ ಶುರು ಮಾಡೋಕೆ ಕೈ ಬರೋದಿಲ್ಲ. ಸಣ್ಣ ಮಕ್ಕಳ ಸೀಟಿ ಶಬ್ದ ಕೇಳಿದರೂ ಈಗ ಕಾರಿನ ಕಿಟಕಿ ಏರಿಸ್ತೇನೆ.

ಕಾತ್ಯಾಯಿನಿ


ಸ್ಟರ್ಲಿಂಗ್
2021 ಅಕ್ಟೋಬರ್ 21

ಕಾತ್ಯಾಯಿನಿ,

ನಿನ್ನ ಕಾಗದ ಬಂದ ದಿನ ಎರಡು ಸಲ ಸ್ನಾನ ಮಾಡಿದೆ. ಮೊದಲನೆಯದನ್ನು ಮರೆತಿದ್ದೆ. ನಾನೇ ಎಂದು ಹೇಳಿದೆಯಾ? ಎಲ್ಲರೆದುರು?

ಸುವಾನಿ ವಿಷಯ ಕೇಳುವುದಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ನಡೆದ ಒಂದು ಸಂಗತಿ ಬರೆಯುತ್ತೇನೆ. ಎಪ್ಪತ್ತು ಎಂಬತ್ತು ಜನ ದಂಡೆಯಲ್ಲಿ ನಿಂತು ಎಳೆಯುವ ಬಲೆ ರಂಪಣಿ. ಆ ದಿನ ಅದು ನೀರೊಳಗಿನ ಬಂಡೆಗೆ ಸಿಕ್ಕಿ ನಡುವಿನಿಂದ ಹರಿಯಿತು. ಮೂರು ವರ್ಷ ಎಲ್ಲರ ಮನೆಯಲ್ಲೂ ನೇಯ್ದ ಬಲೆ. ಅಪ್ಪ ಮನೆಗೆ ಬಂದು ಮಲಗಿದರು. ಮರುದಿನ ಬೆಳಿಗ್ಗೆ ಎದ್ದು ಸೂಜಿ ತೆಗೆದುಕೊಂಡು ಹೊರಟರು. ದಂಡೆಯಲ್ಲಿ ಆಗಲೇ ಹತ್ತಾರು ಜನ ಕೂತಿದ್ದರು. ಯಾರೂ ಕರೆದಿರಲಿಲ್ಲ. ಅಪ್ಪ ಖಾಲಿ ಇದ್ದ ಜಾಗದಲ್ಲಿ ಕೂತು ಎದುರಿಗಿದ್ದ ಹರುಕನ್ನು ತೊಡೆಯ ಮೇಲೆ ಎಳೆದುಕೊಂಡರು. ಎಲ್ಲಿಂದ ಎಲ್ಲಿವರೆಗೆ ಹರಿದಿದೆ ಎಂದು ಯಾರೂ ಅಳೆಯಲಿಲ್ಲ.

ಇದನ್ನು ಬರೆದದ್ದು ಯಾಕೆಂದು ನೀನು ಕೇಳಿದರೆ ನನಗೂ ಗೊತ್ತಿಲ್ಲ. ನೆನಪಾಯಿತು.

ಮಾವ


ಸ್ಟರ್ಲಿಂಗ್
2022 ಏಪ್ರಿಲ್ 11

ಕಾತ್ಯಾಯಿನಿ,

ಒಂದು ಕಳ್ಳತನ ಮಾಡಿದ್ದೇನೆ. ನಾನೇ ಹೇಳುವುದು ಒಳ್ಳೆಯದು, ಅಪೂರ್ವಾಳ ಬಾಯಿ ನಿನಗೆ ಗೊತ್ತಲ್ಲ.

ಮಾರ್ಚಿನಿಂದ ನೀನು ಶನಿವಾರ ಮೂರೂವರೆ ತಾಸು ಡ್ರೈವ್ ಮಾಡಿ ಸುವಾನಿಗೆ ಹೋಗುತ್ತಿರುವೆ ಎಂದು ಅವಳು ಫೋನ್ ಮಾಡಿದಳು. ನೀನು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಮೊನ್ನೆ ಶನಿವಾರ ಮುಂಜಾನೆ ಮುರಳೀಧರ ನನ್ನನ್ನು ಇಲ್ಲಿನ ಡಲ್ಲೆಸ್ ಏರ್‌ಪೋರ್ಟಿಗೆ ಬಿಟ್ಟ. ಇಪ್ಪತ್ತು ವರ್ಷ ಆ ವಿಮಾನಗಳ ಹೊಟ್ಟೆಗೆ ಸಾಮಾನು ತುಂಬಿಸಿದವನು, ಕಿಟಕಿಯ ಪಕ್ಕ ಕೂತು ಅಟ್ಲಾಂಟಾಕ್ಕೆ ಹೋದೆ. ಅಪೂರ್ವಾಳ ಅಪ್ಪ ಕಾರಿನಲ್ಲಿ ಕರೆದೊಯ್ದರು. ನಿನಗೆ ಹೇಳಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದೆ.

ಮೈದಾನದ ಆಚೆ ಬದಿಯಲ್ಲಿ, ಕಸದ ಡಬ್ಬಗಳ ಹತ್ತಿರ, ಬೇಲಿ ಹಿಡಿದು ನಿಂತೆ. ನಿನ್ನ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ? ಕೈ ಕಟ್ಟಿ ನಿಲ್ಲುವುದು ಥೇಟ್ ನಿನ್ನ ಅಮ್ಮ, ನರ್ಸ್ ಆಗಿದ್ದಾಗ ವಾರ್ಡಿನಲ್ಲಿ ಡಾಕ್ಟರಿಗೆ ಕಾಯುತ್ತ ನಿಂತ ಹಾಗೆ. ಕಿರುಚುತ್ತೀಯೆಂದು ತಿಳಿದಿದ್ದೆ. ನೀನು ಕಿರುಚುವುದೇ ಇಲ್ಲ. ಒಬ್ಬಳನ್ನು ಹೆಸರು ಹಿಡಿದು ಕರೆದು, ಒಂದು ಮಾತು ಹೇಳಿ, ಬೆನ್ನು ತಟ್ಟಿ ಒಳಗೆ ಕಳಿಸುತ್ತೀ. ಅವಳು ರೆಕ್ಕೆ ಬಂದವಳ ಹಾಗೆ ಓಡುತ್ತಾಳೆ. ಆ ಮಾತು ಏನೆಂದು ತಿಳಿಯಬೇಕು ಎಂದು ಬೇಲಿಗೆ ಕಿವಿ ಕೊಟ್ಟೆ. ಅಷ್ಟು ದೂರದಿಂದ ಏನು ಕೇಳುತ್ತದೆ?

ನಿಮ್ಮವರು ಸೋಲುತ್ತಿದ್ದರು. ನೀಲಿ ರಿಬ್ಬನಿನ ಸಣ್ಣವಳೊಬ್ಬಳು ಅಳುತ್ತ ಹೊರಗೆ ಬಂದಳು. ಹುಲ್ಲಿನ ಮೇಲೆ ಪಕ್ಕದಲ್ಲಿ ಕೂತು, ಒಂದು ಕಿತ್ತಳೆ ಸುಲಿದು, ಅರ್ಧ ಅವಳಿಗೆ ಕೊಟ್ಟು ಅರ್ಧ ನೀನು ತಿಂದೆ. ಅವಳು ಬೀಜವನ್ನು ಎಷ್ಟು ದೂರಕ್ಕೆ ಉಗಿದಳು ಎಂದರೆ ನೀನು ನಕ್ಕೆ. ಹೊಟ್ಟೆಯಿಂದ ಬಂದ ನಗು, ಆ ಬದಿಗೂ ಕೇಳಿತು. ಹತ್ತೊಂಬತ್ತು ವರ್ಷ ನಾನು ಮನೆಯಲ್ಲಿ ಕೂತು ಕಳೆದುಕೊಂಡದ್ದು ಏನೆಂದು ಆಗ ಗೊತ್ತಾಯಿತು. ಬೇಲಿಯ ಕಂಬಿ ಬಿಟ್ಟಾಗ ಅಂಗೈಯಲ್ಲಿ ಗುರುತು ಬಿದ್ದಿತ್ತು.

ಅರ್ಧ ಆಟಕ್ಕೆ ಸೀಟಿ ಆಯಿತು. ನೀನು ಎದ್ದು, ಬಿಸಿಲಿಗೆ ಕೈ ಅಡ್ಡ ಹಿಡಿದು, ನನ್ನ ಬದಿಗೆ ತಿರುಗಿದೆ. ನಾನು ಕಾರಿಗೆ ನಡೆದೆ. ವಿಮಾನಕ್ಕೆ ಹೊತ್ತಾಯಿತು ಎಂದು ಅಪೂರ್ವಾಳ ಅಪ್ಪನಿಗೆ ಹೇಳಿದೆ. ವಿಮಾನ ಇದ್ದದ್ದು ಸಂಜೆ ಆರಕ್ಕೆ.

ನೋಡಬೇಕೆಂದಿದ್ದೆ, ನೋಡಿದೆ. ಅಷ್ಟು ಸಾಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಸಾಕಾಗಲಿಲ್ಲ.

ಮಾವ


ಫೋರ್ಟ್ ಮಿಲ್
2022 ಏಪ್ರಿಲ್ 18

ಮಾವ,

ಕೋಚ್‌ಗೆ ಮೈದಾನದ ಅಂಚು ಕಾಣೋದಿಲ್ಲ ಅಂತ ಹೇಗೆ ಅಂದ್ಕೊಂಡಿರಿ? ನೀವು ಬೇಲಿ ಹತ್ತಿರ ಬಂದ ಐದು ನಿಮಿಷಕ್ಕೆ ಕಂಡೆ. ಕಸದ ಡಬ್ಬದ ಪಕ್ಕ ಇಸ್ತ್ರಿ ಮಾಡಿದ ಶರ್ಟ್ ಹಾಕಿ ನಿಂತವರು ಇಡೀ ಜಾರ್ಜಿಯಾದಲ್ಲಿ ಒಬ್ಬರೇ.

ಆಟದ ನಡುವೆ ಬಿಟ್ಟು ಬರೋ ಹಾಗಿಲ್ಲ. ಅದು ನನ್ನ ಕೆಲಸ. ಅರ್ಧ ಆಟಕ್ಕೆ ಸೀಟಿ ಆಗಲಿ, ಓಡಿ ಹೋಗ್ತೇನೆ ಅಂತ ಕಾಯ್ತಿದ್ದೆ. ತಿರುಗಿದರೆ ನಿಮ್ಮ ಬೆನ್ನು. ಹುಡುಗಿಯರಿಗೆ ನೀರು ಕುಡೀರಿ ಅಂತ ಹೇಳಿದ್ದು ಬಿಟ್ಟರೆ ಆ ಹತ್ತು ನಿಮಿಷ ನಾನೇನೂ ಹೇಳಿಕೊಡಲಿಲ್ಲ.

ಎರಡನೇ ಅರ್ಧದಲ್ಲಿ ಆರು ಗೋಲು ಹೊಡೆದೆವು. ನೀಲಿ ರಿಬ್ಬನಿನವಳು ಸಿದ್ದೇಶ್ವರಿ, ಅವಳೇ ಎರಡು ಹೊಡೆದಳು. ನಿಮ್ಮಿಂದ ನಮಗೆ ದುರದೃಷ್ಟ ಅಂತ ಇನ್ನೊಂದು ಸಲ ಬರೀಬೇಡಿ. ನೀವು ಇರೋದೇ ಅರ್ಧ, ಅದಕ್ಕೆ ಹಾಗೆ ಕಾಣ್ತದೆ.

30ಕ್ಕೆ ಇನ್ನೊಂದು ಆಟ ಉಂಟು. ನಮ್ಮ ಬದಿಗೆ ಬಂದು ಕೂತ್ಕೊಳ್ಳಿ.

ಕಾತ್ಯಾಯಿನಿ


ಸ್ಟರ್ಲಿಂಗ್
2022 ಏಪ್ರಿಲ್ 23

ಕಾತ್ಯಾಯಿನಿ,

ಬರುತ್ತೇನೆ. ಮುರಳೀಧರ ಟಿಕೆಟ್ ತೆಗೆದಾಯಿತು. ಹಿಂದಿರುಗುವುದು ಯಾವಾಗ ಅಂಕಲ್ ಎಂದ, ಅದನ್ನು ಖಾಲಿ ಬಿಡು ಎಂದೆ. ಹಾಗೆ ಬಿಡಲು ಬರುವುದಿಲ್ಲವಂತೆ. ಬುಧವಾರ ಎಂದು ಹಾಕಿಸಿದ್ದೇನೆ. ನಿನಗೆ ತೊಂದರೆಯಾದರೆ ಹೇಳು.

ಆದರೆ ಒಂದು ವಿಷಯ ಈಗಲೇ ತಿಳಿದಿಟ್ಟುಕೊಳ್ಳಬೇಕು, ಅಲ್ಲಿ ಬಂದು ಪೆದ್ದನಾಗಬಾರದಲ್ಲ. ಕೊನೆಯ ಸೀಟಿ ಆದ ಮೇಲೆ ನೋಡಲು ಬಂದ ಕೋಚಿನ ಮನೆಯವರು ಏನು ಮಾಡುತ್ತಾರೆ? ಕೂತಲ್ಲೇ ಇರುತ್ತಾರಾ, ಮೈದಾನದೊಳಗೆ ಬರಬಹುದಾ? ನಿನ್ನ ಅಮ್ಮನನ್ನು ಕೇಳಿದ್ದರೆ ಗೊತ್ತಿರುತ್ತಿತ್ತು. ನಾನು ಅಷ್ಟು ಹೊತ್ತು ಇದ್ದವನಲ್ಲ.

ಮಾವ